ಸಂತೆ ಹೆಂಗಸರ ಮಲಗುವ ಕೋಣೆ

ಗುರುವಾರ ಮಧ್ಯಾಹ್ನ ಫಿಜಿಯ ನವುಲೆವು ಪೇಟೆಯಲ್ಲಿ ಲಾರಿಯಿಂದ ಇಳಿದ ಮಕೆಲೆಸಿ, ಕೆಸುವಿನ ಗೆಡ್ಡೆಯ ಮೂಟೆಯನ್ನು ದೊಪ್ಪನೆ ನೆಲಕ್ಕೆ ಹಾಕಿ ತಲೆಯೆತ್ತಿದರೆ, ಮಾರುಕಟ್ಟೆ ಹಿಂದಿನ ಮಲಗುವ ಕೋಣೆಗೆ ಹೊಸ ಬೀಗ ನೇತಾಡುತ್ತಿತ್ತು. ನದಿಯ ಮೇಲಿನ ಊರುಗಳಿಂದ ಸಂತೆಗೆ ಬರುವ ಹೆಂಗಸರು ಎರಡು ರಾತ್ರಿ ತಲೆಯಿಡುತ್ತಿದ್ದದ್ದು ಅಲ್ಲೇ. ವಾಪಸ್ ಹೋಗುವ ಲಾರಿ ಶನಿವಾರವೇ.

“ಏನೋ ಇದು, ಟೊಮಾಸಿ?”

ಟೊಮಾಸಿ ಮಾರುಕಟ್ಟೆಯ ಉಸ್ತುವಾರಿ. ಎದುರಿಗಿರುವವರ ಮುಖ ನೋಡಿ ಮಾತಾಡುವ ಅಭ್ಯಾಸ ಅವನಿಗಿಲ್ಲ. “ಪುರಸಭೆ ಆರ್ಡರು. ಇಲ್ಲಿ ಟೂರಿಸ್ಟ್‌ಗಳಿಗೆ ಕಾಫಿ ಅಂಗಡಿ ಬರುತ್ತಂತೆ. ಬೆಳವಣಿಗೆ ಯೋಜನೆ.”

“ನಮ್ಮನ್ನ ಯಾರು ಕೇಳಿದ್ರು?”

“ಕೇಳಿದಾರಲ್ಲ. ತಂಬುವಾ ಇಸ್ಕೊಂಡಿದ್ದು ನೀವೇ ಅಲ್ವಾ?”

ಮಕೆಲೆಸಿಗೆ ಕಪಾಳಕ್ಕೆ ಬಾರಿಸಿದಂತಾಯಿತು.

ಹೌದು, ಇಸ್ಕೊಂಡಿದ್ದಳು. ಹೋದ ವಾರ ಏಪೆಲಿ ತಂದಿದ್ದ. ಏಪೆಲಿ ಬೇರೆ ಯಾರೂ ಅಲ್ಲ, ಸತ್ತ ಅಕ್ಕ ಲೋಆತಳ ಮಗ. ಈಗ ಪುರಸಭೆಯ ಅಭಿವೃದ್ಧಿ ಅಧಿಕಾರಿ. ಬಿಳಿ ಅಂಗಿ ತೊಟ್ಟವನು ಮೀನಿನ ವಾಸನೆಯ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ತಂಬುವಾ ಎನ್ನುವ ಆ ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು, “ಊರಿನ ಏಳಿಗೆಗೆ ನಿಮ್ಮ ನೆರಳು ಬೇಡಿ ಬಂದಿದ್ದೇನೆ” ಎಂದು ಹಳೆಯ ಕಾಲದ ಮಾತಿನಲ್ಲಿ ಬೇಡಿದ್ದ. ತಂಬುವಾ ಹಿಡಿದರೆ ಕೇಳಿದ್ದನ್ನು ಕೊಟ್ಟ ಹಾಗೆ. ಹಿಡಿದ ಮೇಲೆ ಏನು ಕೇಳಿದೆ ಎನ್ನುವಂತಿಲ್ಲ. ಅದೂ ಅಲ್ಲದೆ ಅದನ್ನು ಹಿಡಿಯುವುದು ಗಂಡಸರ ಕೆಲಸ. ಸಂತೆಯ ಹೆಂಗಸರ ಮುಂದೆ ಇದುವರೆಗೆ ಯಾರು ತಂದಿಟ್ಟಿದ್ದರು? ಮಕೆಲೆಸಿ ಉಬ್ಬಿಹೋಗಿದ್ದಳು. ನಮ್ಮ ಹುಡುಗ ನಮಗೆ ಮರ್ಯಾದೆ ಕೊಟ್ಟ ಎಂದು ಕಣ್ಣಲ್ಲಿ ನೀರು ಬೇರೆ ತುಂಬಿಕೊಂಡಿದ್ದಳು. ಹಿಡಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು, ಹಲ್ಲನ್ನು ಕೋಣೆಯ ಗೋಡೆಗೆ ನೇತುಹಾಕಿದರು. ಆ ನೆರಳು ಎಂದರೆ ಈ ಸೂರು ಎಂದು ಯಾವಳಿಗೆ ಗೊತ್ತಿತ್ತು!

ಪಕ್ಕದಲ್ಲಿ ಮೆಣಸಿನಕಾಯಿ ಗುಡ್ಡೆ ಹಾಕುತ್ತಿದ್ದ, ಭಾರತ ಮೂಲದ ರಾಂಪತಿ ಸೊಂಟಕ್ಕೆ ಕೈಯಿಟ್ಟು ಎದ್ದಳು. “ನಿಮ್ಮ ಪದ್ಧತಿ ನಂಗೊತ್ತಿಲ್ಲ ಅಕ್ಕ. ಆದ್ರೆ ಅವನು ನಿಂಗೆ ಟೋಪಿ ಹಾಕಿದಾನೆ. ಅಷ್ಟು ನಂಗೊತ್ತು.”

“ಬೀಗ ತೆಗಿ,” ಎಂದಳು ಮಕೆಲೆಸಿ ಟೊಮಾಸಿಗೆ.

“ಆಗಲ್ಲ, ಆರ್ಡರು...”

“ತಂಬುವಾ ಒಳಗಿದೆ. ಅದನ್ನ ಬೀಗ ಹಾಕಿ ಕೊಳೆಸ್ತೀಯಾ? ನಿಮ್ಮಪ್ಪನ್ನ ಕರೆದು ಕೇಳ್ಲಾ?”

ಟೊಮಾಸಿ ಬೆವರು ಒರೆಸಿಕೊಂಡು ಬೀಗ ತೆಗೆದ. ಪುರಸಭೆಗೆ ಹೆದರುವವನು ಅದಕ್ಕಿಂತ ಹೆಚ್ಚಾಗಿ ಆ ಹಲ್ಲಿಗೆ ಹೆದರುತ್ತಿದ್ದ. ಮಕೆಲೆಸಿ ಗೋಡೆಯಿಂದ ಹಲ್ಲನ್ನು ಇಳಿಸಿಕೊಂಡು ಪುರಸಭೆಯ ಕಡೆ ನಡೆದಳು.

ಪುರಸಭೆಯ ಹಾಲ್‌ನಲ್ಲಿ ಅವತ್ತೇ ಯೋಜನೆಯ ಬಿಡುಗಡೆ. ಬಾಗಿಲಲ್ಲಿ ಆಳೆತ್ತರದ ಪೋಸ್ಟರ್: ‘ಆರ್ಥಿಕ ಬೆಳವಣಿಗೆ, ಸಮುದಾಯಕ್ಕೆ ಆಸರೆ.’ ಅದರಲ್ಲಿ ಕೆಸುವಿನ ಸೊಪ್ಪಿನ ಕಟ್ಟು ಹಿಡಿದು ಹಲ್ಲು ಕಿರಿಯುತ್ತಿದ್ದವಳು ಸಾಕ್ಷಾತ್ ಮಕೆಲೆಸಿಯೇ. ಯಾವಾಗ ತೆಗೆದರೋ, ಯಾರನ್ನು ಕೇಳಿ ತೆಗೆದರೋ. ಮಲಗಲು ಜಾಗ ಕಿತ್ತುಕೊಂಡವರಿಗೆ ನಗಲು ಮಾತ್ರ ಅವಳ ಮುಖ ಬೇಕಾಗಿತ್ತು.

ಒಳಗೆ ಏಪೆಲಿ ಪರದೆಯ ಮುಂದೆ ನಿಂತಿದ್ದ. “...ಮಾರುಕಟ್ಟೆ ಮಹಿಳೆಯರ ಪೂರ್ಣ ಒಪ್ಪಿಗೆಯೊಂದಿಗೆ. ಅವರಿಗೆ ಕಾಫಿ ತಯಾರಿಸುವ ತರಬೇತಿಯನ್ನೂ...”

ಮಕೆಲೆಸಿ ಚಪ್ಪಲಿ ಕಳಚಿ ಒಳಗೆ ಬಂದಳು. ಅವಳ ಹಿಂದೆಯೇ ಸಂತೆಯ ಉಳಿದ ಹೆಂಗಸರೂ ಬಂದರು. ಯಾರಿಗೂ ಏನೂ ಹೇಳದೆ ಹಾಲ್‌ನ ನಡುವೆ ನೆಲದ ಮೇಲೆ ಕೂತು ತಂಬುವಾವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

ತಂಬುವಾ ಹಿಡಿದವರು ನೆಲದಲ್ಲಿರುವಾಗ ಕುರ್ಚಿಯ ಮೇಲೆ ಕೂರುವ ಫಿಜಿಯವನು ಇನ್ನೂ ಹುಟ್ಟಿಲ್ಲ. ಮೊದಲು ಗುಮಾಸ್ತರು ಜಾರಿದರು. ಆಮೇಲೆ ಇಂಜಿನಿಯರು. ರಾಜಧಾನಿ ಸುವಾದಿಂದ ಬಂದಿದ್ದ ದೊಡ್ಡ ಸಾಹೇಬರು ಕೋಟಿನ ಗುಂಡಿ ಬಿಚ್ಚಿಕೊಂಡು, ಉಸ್ಸೆನ್ನುತ್ತಾ ಮೊಣಕಾಲು ಮಡಚಿ ಕೆಳಗಿಳಿದರು. ಬ್ಯಾಂಕಿನ ಬಿಳಿಯನೊಬ್ಬ ಮಾತ್ರ ಬನ್ ಕಚ್ಚಿಕೊಂಡು ಕುರ್ಚಿಯಲ್ಲೇ ಪಿಳಿಪಿಳಿ ನೋಡುತ್ತಿದ್ದ.

ಏಪೆಲಿ ತೆವಳುತ್ತಾ ಹತ್ತಿರ ಬಂದ. ಪಿಸುಗುಟ್ಟಿದ. “ಚಿಕ್ಕಮ್ಮ, ನಿನ್ನ ಕಾಲಿಗೆ ಬೀಳ್ತೀನಿ. ಇಲ್ಲಿ ಬೇಡ. ಭಾನುವಾರ ಊರಿಗೆ ಬರ್ತೀನಿ, ಮಾತಾಡಣ.”

“ಊರಿಗೆ ಯಾಕೆ ಬರ್ತೀಯ? ಬೇಡಿದ್ದು ಸಂತೆಲಿ ಅಲ್ವಾ?”

“ನಿಮಗೋಸ್ಕರಾನೇ ಮಾಡಿದ್ದು ಕಣೇ. ಟೂರಿಸ್ಟ್‌ಗಳು ಬಂದ್ರೆ ನಿಮಗೇ ವ್ಯಾಪಾರ.”

“ಎಲ್ಲಿ ಮಲಗಿ ವ್ಯಾಪಾರ ಮಾಡಲೋ? ನಿನ್ನ ಓದಿಸೋಕೆ ಇದೇ ಮಾರ್ಕೆಟ್ಟಲ್ಲಿ ನಿಮ್ಮಮ್ಮ ಮೇಜಿನ ಕೆಳಗೆ ಮಲಗ್ತಿದ್ಲು. ಕುಡುಕರು ಕಾಲು ತುಳ್ಕೊಂಡು ಹೋಗ್ತಿದ್ರು. ಆಮೇಲೆ ನಾವೆಲ್ಲ ಬಾಯಿ ಬಡ್ಕೊಂಡು ಕಟ್ಟಿಸ್ಕೊಂಡ ಕೋಣೆ ಅದು.”

“ಯೋಜನೆ ಸರ್ಕಾರದ್ದು ಚಿಕ್ಕಮ್ಮ. ಇದು ಕಾನೂನು, ಊರಿನ ಪಂಚಾಯ್ತಿ ಅಲ್ಲ.”

“ಹಂಗಾದ್ರೆ ಕಾನೂನೇ ತರಬೇಕಿತ್ತು. ಈ ಹಲ್ಲು ಯಾಕೆ ತಂದೆ?”

ಮಕೆಲೆಸಿ ಸ್ವರ ಏರಿಸಿದಳು, ಸಾಹೇಬರಿಗೂ ಕೇಳುವ ಹಾಗೆ. “ನಮ್ಮ ಊರಿನ ಹೆಣ್ಣಿನ ಮಗ ತಂದ ತಂಬುವಾ ಇದು. ಅದರ ಹಿಂದೆ ಸುಳ್ಳಿತ್ತು. ಸಂತೆಯ ಹೆಂಗಸರು ಇದನ್ನ ಹಿಂದಕ್ಕೆ ಕೊಡ್ತಿದೀವಿ. ಕೇಳಿದ್ದು ಕೊಡಲ್ಲ.”

ಅಲ್ಲಿದ್ದವರಿಗೆಲ್ಲ ಗೊತ್ತಿತ್ತು: ತಾಯಿಯ ಊರು ತಂಬುವಾ ಹಿಂದಿರುಗಿಸಿದರೆ ಆ ಊರಿನ ಬಾಗಿಲು ಮಗನಿಗೆ ಮುಚ್ಚಿದಂತೆ. ಬೇಕೆನಿಸಿದ್ದನ್ನು ಅಲ್ಲಿಂದ ಕೇಳದೆ ಎತ್ತಿಕೊಂಡು ಹೋಗುವ ಹಕ್ಕು, ಬಂದಾಗೆಲ್ಲ ದೊಡ್ಡ ಮೀನಿನ ತಲೆ ಅವನಿಗೇ ಬಡಿಸುವ ಸಲಿಗೆ, ಎಲ್ಲ ಅಲ್ಲಿಗೆ ಮುಗಿಯಿತು.

“ಚಿಕ್ಕಮ್ಮ,” ಎಂದ ಏಪೆಲಿ. ಚಿಕ್ಕವನಿದ್ದಾಗಿನ ಧ್ವನಿ ಅದು.

ಅವಳು ಹಲ್ಲನ್ನು ಇಳಿಸಲಿಲ್ಲ.

“ತಗೋ ಏಪೆಲಿ,” ಎಂದರು ಸಾಹೇಬರು ನೆಲದಿಂದಲೇ. “ಒಪ್ಪಿಗೆ ಇದೆ ಅಂತ ನಂಗೆ ಹೇಳಿದ್ಯಲ್ಲ.”

ಅವನು ತಗೊಂಡ. ಮುಖ ಎತ್ತಲಿಲ್ಲ.

ಸಂಜೆಯ ಹೊತ್ತಿಗೆ ಬೀಗ ಇರಲಿಲ್ಲ. ಯೋಜನೆಯನ್ನು ‘ಮರುಪರಿಶೀಲನೆ’ಗೆ ಇಟ್ಟರಂತೆ. ಹೆಂಗಸರು ಚಾಪೆ ಹಾಸಿದರು, ಸಾಹೇಬರು ನೆಲಕ್ಕಿಳಿದ ಪರಿಯನ್ನು ಒಬ್ಬಳು ಅಣಕಿಸಿ ತೋರಿಸಿ ಎಲ್ಲರನ್ನೂ ನಗಿಸಿದಳು. ಊರಿಗೆ ಬಸ್ಸು ಹಿಡಿಯಬೇಕಿದ್ದ ರಾಂಪತಿ ರೊಟ್ಟಿ, ಚಟ್ನಿ ತಂದಿಟ್ಟಳು.

“ಗೆದ್ದೆಯಲ್ಲ ಅಕ್ಕ. ಮತ್ತೆ ಮುಖ ಯಾಕೆ ಹಿಂಗೆ?”

ಮಕೆಲೆಸಿ ರೊಟ್ಟಿ ಮುಟ್ಟಲಿಲ್ಲ.

“ಏನು ಗೆದ್ದೆ? ಮೊದಲೇ ನಮ್ಮದಾಗಿತ್ತಲ್ಲ ಇದು. ಕಾಲು ಚಾಚೋ ಜಾಗಕ್ಕೆ ಅಕ್ಕನ ಮಗನ್ನ ಎಲ್ಲರೆದುರು ಕಡಿದು ಹಾಕಿದೆ. ಅವನಿಗೆ ಕಾಫಿ ಅಂಗಡಿನೇ ಬೇಕಿದ್ರೆ ಬಂದು ಪಕ್ಕದಲ್ಲಿ ಕೂತು ನೇರವಾಗಿ ಕೇಳಬಹುದಿತ್ತು ರಾಂಪತಿ. ಮಾರ್ಕೆಟ್ ಮುಂದಿನ ಜಾಗ ಖಾಲಿನೇ ಬಿದ್ದಿದೆ. ನಾವೇ ತೋರಿಸ್ತಿದ್ವಿ. ಕೇಳಲೇ ಇಲ್ಲ ಮುಂಡೇದು.”