ಗಾಡಿ ಕಾಯುವವರ ಜಲಪಾತ

ನಮ್ಮ ಮನೆಯಲ್ಲಿ ಮೂರು ಟೂರಿಸ್ಟ್ ವ್ಯಾನುಗಳಿವೆ, ಮೂರಕ್ಕೂ ಒಂದೇ ಕಾನೂನು. ಮನೆಯವರು ಪ್ರಯಾಣಿಕರ ಸೀಟಿನಲ್ಲಿ ಕೂರಬಾರದು. ಕೊನೆಯ ಸಾಲಿನಲ್ಲಿ, ಸ್ಟೆಪ್ನಿ ಟೈರಿನ ಪಕ್ಕ, ಊಟದ ಡಬ್ಬಿಗಳ ನಡುವೆ ಮಂಡಿ ಮಡಚಿ ಕೂರುವಷ್ಟು ಜಾಗ ಇರುತ್ತದೆ, ಅದು ಮನೆಯವರದು. ಗಾಡಿ ನಿಂತಲ್ಲಿ ಗಾಡಿಯ ಜೊತೆಗೇ ಇರಬೇಕು, ಪ್ರಯಾಣಿಕರ ಹಿಂದೆ ನೋಡಲು ಹೋಗಬಾರದು. ಇದನ್ನು ಮಾಡಿದವರು ನಮ್ಮ ಮಾವ. ಅವರು ಕಣ್ಣು ಮುಚ್ಚಿ ಎಷ್ಟೋ ವರ್ಷವಾದರೂ ಕಾನೂನು ಗಟ್ಟಿಮುಟ್ಟಾಗಿಯೇ ಇದೆ. ಅದನ್ನು ಕಾಪಾಡಲು ನನ್ನ ಗಂಡನ ಅಣ್ಣ, ಅಂದರೆ ಭಾವ, ಇದ್ದಾರಲ್ಲ.

ನಾನು ಆ ಮನೆಯ ಕಿರಿ ಸೊಸೆ. ಬಸ್ ನಿಲ್ದಾಣದ ಎದುರು ನಮ್ಮ ಬುಕಿಂಗ್ ಆಫೀಸು. ಒಂದು ಮೇಜು, ಎರಡು ಫೋನು, ತಿರುಗಿದರೆ ಗೊರಗುಟ್ಟುವ ಒಂದು ಫ್ಯಾನು. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೂತು, "ಜಲಪಾತ ತುಂಬಾ ಚೆನ್ನಾಗಿದೆ ಸರ್, ಫ್ಯಾಮಿಲಿ ಕರ್ಕೊಂಡು ಬನ್ನಿ" ಅನ್ನುವುದು ನನ್ನ ಕೆಲಸ. ನಾನು ನೋಡಿದ್ದೆನೇ? ಇಲ್ಲ. ಪ್ರಯಾಣಿಕರು ಕಳಿಸುವ ಫೋಟೋಗಳಲ್ಲಿ ಅವರ ಹಲ್ಲುಗಳು ಕಾಣುತ್ತಿದ್ದವು, ಅವರ ಕಿವಿಯ ಹಿಂದೆ ಏನೋ ಬೆಳ್ಳಗೆ ಕಾಣುತ್ತಿತ್ತು. ಅಷ್ಟೇ.

ಅತ್ತೆಯೂ ನೋಡಿರಲಿಲ್ಲ. ಮಾವ ವಾರಕ್ಕೊಮ್ಮೆಯಾದರೂ ಆ ರಾಷ್ಟ್ರೀಯ ಉದ್ಯಾನಕ್ಕೆ ವ್ಯಾನು ಹೊಡೆದವರು. ಮದುವೆಯಾದ ಹೊಸದರಲ್ಲಿ ಅತ್ತೆ ಕೇಳಿದ್ದರಂತೆ, ನನ್ನನ್ನೂ ಒಮ್ಮೆ ಕರ್ಕೊಂಡು ಹೋಗಿ ಅಂತ. "ಅಲ್ಲೇನಿದೆ? ಗುಡ್ಡದ ಮೇಲೆ ಒಂದು ಗೀಟು ಎಳೆದ ಹಾಗೆ ನೀರು ಬೀಳುತ್ತೆ. ಅದಕ್ಕೆ ಈ ಜನ ದುಡ್ಡು ಕೊಟ್ಟು ಬರ್ತಾರೆ" ಅಂದಿದ್ದರಂತೆ ಮಾವ. ಆಮೇಲೆ ಮಕ್ಕಳಾದವು, ಬೆಳಗಿನ ಜಾವಕ್ಕೆದ್ದು ಪ್ರಯಾಣಿಕರ ಊಟದ ಡಬ್ಬಿ ತುಂಬುವುದೇ ಅತ್ತೆಯ ಬದುಕಾಯಿತು. ಆ ಜಲಪಾತದ ಎದುರು ಕೂತು ಜನ ಉಂಡದ್ದೆಲ್ಲ ಅತ್ತೆಯ ಕೈ ಅಡುಗೆ.

ಈಗ ಮುಂದಿನ ತಿಂಗಳಿನಿಂದ ಹೊರಗಿನ ವ್ಯಾನುಗಳನ್ನು ಉದ್ಯಾನದೊಳಗೆ ಬಿಡುವುದಿಲ್ಲ ಅಂತ ಆದೇಶ ಬಂದಿತ್ತು. ಆ ರೂಟೇ ಬಿಟ್ಟು ಸಮುದ್ರದ ಕಡೆ ಓಡಿಸೋಣ ಅಂತ ಅಣ್ಣತಮ್ಮಂದಿರು ತೀರ್ಮಾನಿಸಿದರು. ಅತ್ತೆ ಒಲೆಯ ಮುಂದಿನಿಂದಲೇ, "ಹಾಗಾದ್ರೆ ನಾನು ಅದನ್ನ ನೋಡೋದೇ ಇಲ್ಲ ಅನ್ನಿ" ಅಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಗಂಡನ ಕಡೆ ನೋಡಿದೆ. ಅವರು ಅನ್ನದಲ್ಲಿ ಏನೋ ಹುಡುಕುತ್ತಿದ್ದರು. ನನಗೆ ಉರಿದುಹೋಯಿತು. ಕೊನೆಯ ಟ್ರಿಪ್ಪಿಗೆ ಸಹಾಯಕ ಕೈಕೊಟ್ಟಾಗ ಆ ಕೆಲಸಕ್ಕೆ ನಾನೇ ಹೋಗುತ್ತೇನೆ, ಅತ್ತೆಯೂ ಬರುತ್ತಾರೆ ಅಂತ ಹೇಳಿಬಿಟ್ಟೆ. ಕೇಳಲಿಲ್ಲ, ಹೇಳಿದೆ.

ಅತ್ತೆ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟಿದ್ದರು. ಅದನ್ನುಟ್ಟುಕೊಂಡು ಸ್ಟೆಪ್ನಿಯ ಪಕ್ಕ ಕೂತರು. ಗಾಡಿ ಓಡಿಸುತ್ತಿದ್ದವರು ಭಾವ. ಮುಂದೆ ಎರಡು ಸೀಟು ಖಾಲಿ ಇದ್ದವು. "ಭಾವ, ಅಲ್ಲಿ ಖಾಲಿ ಇದೆಯಲ್ಲ" ಅಂದೆ. "ದಾರೀಲಿ ಯಾರಾದ್ರೂ ಹತ್ತಿದ್ರೆ?" ಅಂದರು. ದಾರಿಯಲ್ಲಿ ಒಂದು ನರಪಿಳ್ಳೆಯೂ ಹತ್ತಲಿಲ್ಲ. ಆ ಎರಡು ಸೀಟುಗಳು ಕಾಡಿನವರೆಗೂ ಆರಾಮಾಗಿ ಪ್ರಯಾಣ ಮಾಡಿದವು, ಅತ್ತೆಯ ಮಂಡಿಗಳು ಡಬ್ಬಿಗೆ ತಾಗಿಕೊಂಡು ಬಂದವು.

ಪ್ರಯಾಣಿಕರಲ್ಲಿ ಒಬ್ಬ ನಿವೃತ್ತ ಅಧಿಕಾರಿ ಇದ್ದರು, ಬಿಳಿ ಟೋಪಿ, ಕೊರಳಲ್ಲಿ ದುರ್ಬೀನು. ಅರ್ಧ ದಾರಿಯಲ್ಲಿ ಹಿಂದೆ ತಿರುಗಿ ಅತ್ತೆಗೆ, "ಏನಮ್ಮ, ನೀರು ತಣ್ಣಗಿರೋದು ಕೊಡು" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು, ಓಲಾಡುವ ವ್ಯಾನಿನಲ್ಲಿ ಸೀಟು ಹಿಡಿದುಕೊಂಡು ಹೋಗಿ ಕೊಟ್ಟು ಬಂದರು. ಭಾವ ಕನ್ನಡಿಯಲ್ಲಿ ಅದನ್ನು ನೋಡಿದರು. "ಅವರು ನಮ್ಮಮ್ಮ" ಅಂತ ಒಂದು ಮಾತು ಅವರ ಬಾಯಿಂದ ಬರಲಿಲ್ಲ.

ಪಾರ್ಕಿಂಗ್ ಜಾಗ ಗುಡ್ಡದ ಹಿಂದಿತ್ತು. ನೂರಾರು ಗಾಡಿ, ಹೊಗೆ, ಹಾರ್ನು, ಎಂಜಿನ್ನುಗಳ ಗದ್ದಲ. ಪ್ರಯಾಣಿಕರು ಇಳಿಯುತ್ತಿದ್ದ ಹಾಗೆ ಭಾವ ಕೂಗಿದರು: "ಬ್ಯಾಗೆಲ್ಲ ಇಲ್ಲೇ ಬಿಡಿ, ಭಯ ಬೇಡ. ಅಮ್ಮ ಇರ್ತಾರೆ, ನೋಡ್ಕೋತಾರೆ."

ನನ್ನ ಕಿವಿಗೆ ಸರಿಯಾಗಿ ಬಿತ್ತೋ ಇಲ್ಲವೋ ಅನ್ನಿಸಿತು. ಬಿದ್ದಿತ್ತು. ಒಬ್ಬೊಬ್ಬರಾಗಿ ಬ್ಯಾಗು ತಂದು ಅತ್ತೆಯ ಕಾಲ ಬಳಿ ಇಟ್ಟರು. ಹೊಸದಾಗಿ ಮದುವೆಯಾದ ಹುಡುಗಿ ಎತ್ತರದ ಚಪ್ಪಲಿಯನ್ನೂ ಕಳಚಿ ಇಟ್ಟು, ಕ್ಯಾನ್ವಾಸ್ ಶೂ ಹಾಕಿಕೊಂಡು ಗಂಡನ ಜೊತೆ ಹೊರಟಳು.

"ಭಾವ, ಅತ್ತೆ ಬಂದಿರೋದು ಜಲಪಾತ ನೋಡೋಕೆ."

"ಇಲ್ಲಿಂದಲೇ ಕಾಣುತ್ತಲ್ಲ" ಅಂದರು ಭಾವ, ಟೈರಿಗೆ ಕಾಲಿನಿಂದ ಒದ್ದು ಗಾಳಿ ನೋಡುತ್ತ. "ಅಗೋ, ಆ ಎರಡು ಮರದ ಮಧ್ಯೆ. ಅಮ್ಮ, ಕಾಣ್ತಾ?"

ನಿಜ, ಎರಡು ಮರಗಳ ನಡುವೆ, ದೂರದ ಬಂಡೆಯ ಮೇಲೆ, ಒಂದು ಸಣ್ಣ ಬಿಳಿ ಗೀಟು ಕಾಣುತ್ತಿತ್ತು. ಅತ್ತೆ ಕೈ ಹಣೆಗೆ ಅಡ್ಡ ಹಿಡಿದು ನೋಡಿದರು. "ಅವರು ಹೇಳಿದ ಹಾಗೇ ಇದೆ" ಅಂದರು. "ಗೀಟು ಎಳೆದ ಹಾಗೆ." ಅವರ ಮುಖ ಸಣ್ಣದಾಯಿತು, ಆದರೂ ನಕ್ಕರು. "ಸರಿ ಬಿಡಮ್ಮ, ನೋಡಿದ ಹಾಗಾಯ್ತು. ನೀನು ಬೇಕಾದ್ರೆ ಹೋಗಿ ಬಾ."

"ನೋಡಿದ ಹಾಗಾಗೋದು ಬೇಡ ಅತ್ತೆ. ನೋಡಬೇಕು. ಏಳಿ."

"ಮೆಟ್ಟಿಲಿದೆ, ಮಂಡಿ ನೋವಿದೆ ಅಮ್ಮಂಗೆ. ನಿಂಗೆ ತಲೆ ಕೆಟ್ಟಿದೆಯಾ?" ಅಂದರು ಭಾವ. "ಬ್ಯಾಗು ಕಳೆದ್ರೆ ಯಾರು ಜವಾಬ್ದಾರಿ?"

"ಬೆಳಗ್ಗೆ ಡಬ್ಬಿ ತುಂಬೋವಾಗ ಆ ಮಂಡಿ ನೋವು ನಿಮಗೆ ನೆನಪಾಗಲಿಲ್ವಾ? ನೀವೇ ಕಾಯಿರಿ ಬ್ಯಾಗು."

"ನಾನು ಗಾಡಿ ಕಾಯ್ಬೇಕು. ಇಷ್ಟು ವರ್ಷದಲ್ಲಿ ಅಪ್ಪನೂ ಅಷ್ಟೇ, ನಾನೂ ಅಷ್ಟೇ, ಇಲ್ಲಿ ಗಾಡಿ ಬಿಟ್ಟು ಒಂದು ಹೆಜ್ಜೆ ಆ ಕಡೆ ಇಟ್ಟಿಲ್ಲ. ಗೊತ್ತಾ?" ಎದೆ ಉಬ್ಬಿಸಿ ಹೇಳಿದರು, ದೊಡ್ಡ ಸಾಧನೆ ಮಾಡಿದವರ ಹಾಗೆ.

"ಹಾಗಾದ್ರೆ ಇವತ್ತು ಗಾಡಿ ಜೊತೆ ಬ್ಯಾಗೂ ಕಾಯಿರಿ. ಚಪ್ಪಲೀನೂ ಕಾಯಿರಿ" ಅಂದು ಆ ಎತ್ತರದ ಚಪ್ಪಲಿಗಳನ್ನು ಎತ್ತಿ ಡ್ರೈವರ್ ಸೀಟಿನ ಮೇಲಿಟ್ಟೆ. ಪಕ್ಕದ ವ್ಯಾನಿನ ಡ್ರೈವರುಗಳು ಕಿಸಕ್ಕೆಂದು ನಕ್ಕರು. ಭಾವನ ಮುಖ ಕೆಂಪಾಯಿತು. ನಾನು ಅತ್ತೆಯ ಕೈ ಹಿಡಿದು ಎಬ್ಬಿಸಿದೆ.

ಇಳಿಯುವ ದಾರಿ ಸುಲಭದ್ದಲ್ಲ. ಕಲ್ಲಿನ ಮೆಟ್ಟಿಲು, ಒಂದು ಕಡೆ ಕಬ್ಬಿಣದ ಕಂಬಿ. ಅತ್ತೆ ಒಂದು ಕಾಲು ಇಟ್ಟು, ಇನ್ನೊಂದನ್ನು ಅದೇ ಮೆಟ್ಟಿಲಿಗೆ ಸೇರಿಸಿ, ಆಮೇಲೆ ಮುಂದಿನದಕ್ಕೆ ಹೋಗುತ್ತಿದ್ದರು. ಹಿಂದಿನಿಂದ ಬಂದವರು "ಸ್ವಲ್ಪ ಜಾಗ ಬಿಡ್ತೀರಾ" ಅಂತ ಉಜ್ಜಿಕೊಂಡು ಹೋದರು. ಎದುರಿನಿಂದ ಹತ್ತಿ ಬರುತ್ತಿದ್ದವರೊಬ್ಬರು ಅತ್ತೆಯನ್ನು ನೋಡಿ, "ಈ ವಯಸ್ಸಲ್ಲಿ ಯಾಕಮ್ಮ ಬೇಕಿತ್ತು?" ಅಂದರು. "ಮೂವತ್ತರಲ್ಲಿ ಯಾರೂ ಕರ್ಕೊಂಡು ಬರ್ಲಿಲ್ಲ, ಅದಕ್ಕೆ" ಅಂದೆ. ಆ ಮನುಷ್ಯ ತೆಪ್ಪಗೆ ಹತ್ತಿ ಹೋದ.

ಎರಡು ಕಡೆ ಕೂತು ಸುಧಾರಿಸಿಕೊಂಡೆವು. ಎರಡನೇ ಸಲ ಅತ್ತೆ, "ವಾಪಸ್ ಹೋಗೋಣ, ಆ ಗೀಟಿಗೋಸ್ಕರ ಇಷ್ಟು ಕಷ್ಟ ಯಾಕೆ" ಅಂದರು. ಅತ್ತೆ ಹಾಗೆ ಹೇಳಿದ್ದಕ್ಕೆ ಅವರ ಮೇಲೂ ನನಗೆ ಸಿಟ್ಟು ಬಂತು. ಜೀವನವಿಡೀ ಹಾಗೇ ಹೇಳಿಕೊಂಡು ಬಂದವರಲ್ಲವೇ! ಮಾತಾಡದೆ ರಟ್ಟೆ ಹಿಡಿದು ನಡೆಸಿದೆ.

ಗುಡ್ಡದ ತಿರುವು ದಾಟಿದ ಕೂಡಲೇ ಮೊದಲು ತಾಗಿದ್ದು ಗಾಳಿ. ಒದ್ದೆ ಗಾಳಿ, ಮುಖಕ್ಕೆ ರಾಚಿತು. ಆಮೇಲೆ ಶಬ್ದ. ಗುಡ್ಡ ಅಲ್ಲಿಯವರೆಗೆ ಆ ಶಬ್ದವನ್ನು ತಡೆದು ನಿಂತಿತ್ತು. ನೋಡುವವರಿಗೆಂದು ಕಟ್ಟಿದ ಕಟ್ಟೆಯ ಕಬ್ಬಿಣದ ಕಂಬಿ ಹಿಡಿದರೆ ಕೈಯಲ್ಲಿ ನಡುಗುತ್ತಿತ್ತು. ಎದುರಿಗೆ ಬಂಡೆಯ ಆ ತುದಿಯಿಂದ ಈ ತುದಿಯವರೆಗೂ ನೀರೇ ನೀರು. ಇಡೀ ಹೊಳೆಗೆ ಕಾಲ ಕೆಳಗಿನ ನೆಲ ಒಮ್ಮೆಲೇ ಇಲ್ಲವಾಗಿತ್ತು. ಅಂಚಿನಲ್ಲಿ ಹಸಿರಾಗಿ ಬಾಗುತ್ತಿತ್ತು, ನಡುದಾರಿಯಲ್ಲಿ ಬೆಳ್ಳಗೆ ಒಡೆಯುತ್ತಿತ್ತು, ಬಿದ್ದ ಜಾಗವೇ ಕಾಣದೆ ಹೊಗೆಯಾಗಿ ತಿರುಗಿ ಮೇಲಕ್ಕೆ ಬರುತ್ತಿತ್ತು. ಎಷ್ಟೋ ಜನ ನಿಂತಿದ್ದರು, ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ.

ಪಾರ್ಕಿಂಗ್‌ನಿಂದ ಕಂಡ ಗೀಟು ಇದರಲ್ಲಿ ಯಾವುದು ಅಂತ ಹುಡುಕಿದೆ. ಬಹಳ ಹೊತ್ತಿಗೆ ಸಿಕ್ಕಿತು. ಎಡಗಡೆಯ ತುತ್ತತುದಿಯಲ್ಲಿ, ದೊಡ್ಡ ನೀರಿನ ಜೊತೆ ಸೇರದೆ, ಬಂಡೆಯ ಪಕ್ಕದಲ್ಲಿ ತನ್ನ ಪಾಡಿಗೆ ಸೋರುತ್ತಿದ್ದ ಒಂದು ಎಳೆ. ಅತ್ತೆಗೆ ಅದನ್ನು ಬೆರಳು ಮಾಡಿ ತೋರಿಸಿದೆ.

ಅತ್ತೆ ಅದನ್ನು ನೋಡಿದರು. ಆಮೇಲೆ ಇಡೀ ಜಲಪಾತವನ್ನು ನೋಡಿದರು. ಅಳುತ್ತಾರೆ ಅಂದುಕೊಂಡೆ. ಅವರು ಬೈಯಲು ಶುರು ಮಾಡಿದರು.

"ಥೂ ನಿನ್ನ!" ಅಂತ ನೀರಿನ ಕಡೆ ಕೈ ಮಾಡಿ ಕೂಗಿದರು. ನನಗೆ ಕೇಳಿಸಬೇಕಾದರೆ ಕಿವಿ ಅವರ ಬಾಯಿಯ ಹತ್ತಿರ ತರಬೇಕಾಯಿತು. "ಇದಕ್ಕೆ ಏನೂ ಇಲ್ಲ ಅಂದ್ಯಲ್ಲೋ! ಗೀಟು ಅಂದ್ಯಲ್ಲೋ! ನಿನ್ನ ಮಾತು ನಂಬಿ ನಾನು ಒಲೆ ಮುಂದೆ ಕೂತೆನಲ್ಲೋ!" ಗಂಡನ ಬಗ್ಗೆ ಅವರು ಏಕವಚನ ಬಳಸಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಬಿಳಿ ಟೋಪಿಯ ಅಧಿಕಾರಿ ದುರ್ಬೀನು ಇಳಿಸಿ ನೋಡಿದರು. ಅತ್ತೆ ಲಕ್ಷ್ಯಕ್ಕೇ ತರಲಿಲ್ಲ. ಬೈದರು, ಬೈದರು, ಉಸಿರು ಕಟ್ಟುವವರೆಗೆ ಬೈದರು. ಬೈಯಲಿ ಅಂತ ನಾನೂ ಬಿಟ್ಟೆ.

ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರು. ಎಡತುದಿಯ ಆ ಎಳೆಯ ಕಡೆ ತಿರುಗಿದರು.

"ಸುಳ್ಳು ಹೇಳ್ಲಿಲ್ಲ ಅವರು" ಅಂದರು. "ಅವರಿಗೆ ಕಂಡಿದ್ದೇ ಅದು."

ನಾನೂ ಆ ಎಳೆಯ ಕಡೆ ತಿರುಗಿದೆ.

"ನೋಡೇ ಇಲ್ಲ ಕಣೇ. ಅಷ್ಟು ವರ್ಷ ಜನರನ್ನ ಕರ್ಕೊಂಡು ಬಂದು ಬಿಟ್ಟು, ತಾವು ನೋಡದೇ ಸತ್ತರು." ಸೆರಗಿನಿಂದ ಮುಖ ಒರೆಸಿಕೊಂಡರು, ಮುಖದ ತುಂಬ ನೀರಿತ್ತು, ಯಾವ ನೀರು ಅಂತ ನಾನು ವಿಚಾರಿಸಲಿಲ್ಲ. "ನಡಿ ಮೇಲೆ" ಅಂದರು.

ಹತ್ತುವಾಗ ಅವರು ಎಲ್ಲಿಯೂ ಕೂರಲಿಲ್ಲ. ನೋವಾಗುತ್ತಿತ್ತು, ಗೊತ್ತಾಗುತ್ತಿತ್ತು, ಪ್ರತಿ ಮೆಟ್ಟಿಲಿಗೂ ನರಳುತ್ತಿದ್ದರು. ಆದರೂ ನಿಲ್ಲಲಿಲ್ಲ. ನಾವು ಮುಟ್ಟುವಷ್ಟರಲ್ಲಿ ಪ್ರಯಾಣಿಕರೆಲ್ಲ ಹತ್ತಿ ಕೂತಿದ್ದರು, ಭಾವ ಹಾರ್ನು ಒತ್ತುತ್ತಿದ್ದರು.

"ಎಲ್ರೂ ಕಾಯ್ತಾ ಇದಾರೆ! ನಾನು ಮೊದಲೇ ಹೇಳಿದ್ದೆ—"

ಅತ್ತೆ ಡ್ರೈವರ್ ಕಡೆಯ ಬಾಗಿಲು ತೆಗೆದು ಕೈ ಚಾಚಿದರು. "ಕೀಲಿ ಕೊಡು. ಇಳಿ."

"ಯಾಕಮ್ಮ?"

"ಹೋಗಿ ನೋಡ್ಕೊಂಡು ಬಾ."

"ಏನು ನೋಡೋದು? ದಿನಾ ನೋಡಿಲ್ವಾ?"

"ಬಾಯಿ ಮುಚ್ಕೊಂಡು ಇಳಿ ಅಂದೆ."

ಭಾವನದು ಮಕ್ಕಳ ಮದುವೆ ಮಾಡುವ ವಯಸ್ಸು. ಅಷ್ಟು ಜನರ ಎದುರು ಧ್ವನಿ ತಗ್ಗಿಸಿ, "ಅಮ್ಮ, ಪ್ಯಾಸೆಂಜರ್ಸ್..." ಅಂದರು. ನಿವೃತ್ತ ಅಧಿಕಾರಿ ಗಡಿಯಾರ ತೋರಿಸಿ, "ಏನಿದು ಅವ್ಯವಸ್ಥೆ?" ಅಂದರು. ಅತ್ತೆ ಅವರತ್ತ ತಿರುಗಿ, "ನೀವು ನೋಡಿದ್ರಲ್ಲ ಸ್ವಾಮಿ? ಇವನು ನೋಡಿಲ್ಲ. ನಿಮ್ಮ ಬ್ಯಾಗು ಕಾಯ್ತಾ ಕೂತಿದ್ದ. ಈಗ ನೀವು ಕೂತ್ಕೊಳ್ಳಿ" ಅಂದರು. ಕೀಲಿಯನ್ನು ತಾವೇ ಕಿತ್ತುಕೊಂಡರು. ಭಾವ ಬಾಗಿಲನ್ನು ದಡಾರೆಂದು ಬಡಿದು, ಗೊಣಗುತ್ತ, ಮೆಟ್ಟಿಲ ಕಡೆ ಹೋದರು.

ಬಹಳ ಹೊತ್ತು ಬರಲಿಲ್ಲ. ಅತ್ತೆ ಡ್ರೈವರ್ ಸೀಟಿನಲ್ಲಿ ಕೀಲಿ ಹಿಡಿದುಕೊಂಡು ಕೂತಿದ್ದರು. ಜನ ಗೊಣಗಿದರು, ದೂರು ಕೊಡುತ್ತೇವೆ ಅಂದರು. "ಕೊಡಿ, ಆಫೀಸಲ್ಲಿ ಫೋನ್ ಎತ್ತೋದು ನಾನೇ" ಅಂದೆ.

ಭಾವ ಬಂದಾಗ ಅಂಗಿ ಮೈಗಂಟಿತ್ತು. ನಡಿಗೆ ಬೇರೆಯವರದ್ದಾಗಿತ್ತು. ಅತ್ತೆ ಪಕ್ಕದ ಸೀಟಿಗೆ ಸರಿದರು. ಭಾವ ಹತ್ತಿ ಕೂತು, ಸ್ಟೇರಿಂಗ್ ಹಿಡಿದರು, ಕೀಲಿಗೆ ಕೈ ಚಾಚಲಿಲ್ಲ. ಆಮೇಲೆ ಪ್ರಯಾಣಿಕರ ಕಡೆ ತಿರುಗಿ ಕಿರುಚಿದರು, ಗಾಜು ಅದುರುವ ಹಾಗೆ:

"ಯಾಕ್ರೀ ಒಬ್ರೂ ಹೇಳ್ಲಿಲ್ಲ? ಎಷ್ಟು ಜನರನ್ನ ಕರ್ಕೊಂಡು ಬಂದಿದೀನಿ! ನೋಡ್ಕೊಂಡು ಬಂದು ಹತ್ತುತ್ತೀರಿ, ಎಸಿ ಹಾಕು ಅಂತೀರಿ, ಚಾ ಎಲ್ಲಿ ಸಿಗುತ್ತೆ ಅಂತೀರಿ. ಹೋಗಿ ನೋಡಪ್ಪಾ ಅಂತ ಒಬ್ಬರಾದ್ರೂ ಹೇಳ್ಬೇಕಿತ್ತಲ್ವಾ? ನಮ್ಮಪ್ಪಂಗೆ ಒಬ್ಬರಾದ್ರೂ ಹೇಳ್ಬೇಕಿತ್ತಲ್ವಾ?"

ಹೊಸ ಮದುವೆಯ ಹುಡುಗಿ ಕಾಲಿನತ್ತ ನೋಡಿಕೊಂಡಳು.

"ಅವರನ್ನ ಯಾಕೆ ಬೈತೀಯ?" ಅಂದರು ಅತ್ತೆ. ಅವರ ಧ್ವನಿಯಲ್ಲಿ ಸಿಟ್ಟು ಹೋಗಿತ್ತು, ದಣಿವು ಮಾತ್ರ ಇತ್ತು. "ನಾನೂ ನಿಮ್ಮಪ್ಪನ್ನ ಕೇಳ್ಲಿಲ್ವಲ್ಲ. ಜಲಪಾತ ಹೇಗಿದೆ ಅಂತ ಕೇಳಿದೆ, ನನ್ನನ್ನ ಯಾವಾಗ ಕರ್ಕೊಂಡು ಹೋಗ್ತೀರಿ ಅಂತ ಕೇಳಿದೆ. ನೀವು ಇಳಿದು ಹೋಗಿದ್ರಾ ಅಂತ ಒಂದು ಸಲನೂ ಕೇಳ್ಲಿಲ್ಲ."

ಭಾವ ಗಾಜು ಒರೆಸುವ ಬಟ್ಟೆ ತೆಗೆದು ಅದರಿಂದಲೇ ಮುಖ ಒರೆಸಿಕೊಂಡರು. ಹೊರಡಿ ಅಂತ ಆಮೇಲೆ ಯಾರೂ ಹೇಳಲಿಲ್ಲ.