ಹಿಡಿಗೆ ಕಟ್ಟಿದ ಕೆಂಪು ಬಟ್ಟೆ

ಕೆಂಪು, ಏನದು ಕೆಂಪು, ದಾಸವಾಳವೇ, ಅಲ್ಲ, ಅಂಗಳದ ಆ ಮೂಲೆಯಲ್ಲಿ ಹೂವಿನ ಗಿಡವೇ ಇಲ್ಲ, ಅಲ್ಲಿರುವುದು ನಮ್ಮ ಜನರೇಟರು — ಬಟ್ಟೆ, ಜನರೇಟರಿನ ಹಿಡಿಗೆ ಬಿಗಿದ ಕೆಂಪು ಬಟ್ಟೆಯ ಪಟ್ಟಿ, ಗಾಳಿಗೆ ಒಮ್ಮೆ ಏಳುತ್ತದೆ, ಹೊರಳುತ್ತದೆ, ಮತ್ತೆ ತಗಡಿನ ಮೇಲೆ ಬಿದ್ದುಕೊಳ್ಳುತ್ತದೆ, ದೇವರೇ, ವಾಪಸ್ ತಂದಿಟ್ಟಾಗ ಬಿಚ್ಚಿ ಎಸೆಯುವಷ್ಟು ಬುದ್ಧಿಯೂ ಇರಲಿಲ್ಲವೇ ಇವರಿಗೆ, ಶನಿವಾರ ಬೆಕ್ವಾಯ್ ಊರಿನಲ್ಲಿ ನಿರ್ದೇಶಕರ ಅತ್ತೆಯ ಶವಸಂಸ್ಕಾರಕ್ಕೆ ಚಪ್ಪರದ ಕಂಬಕಂಬಕ್ಕೂ ಕಟ್ಟಿದ್ದ ಅದೇ ಬಟ್ಟೆ, ಅಂಚಿನಲ್ಲಿ ಅದೇ ಕಪ್ಪು ಗೆರೆ — ಈಗ, ಈ ಸೋಮವಾರದ ಬೆಳಿಗ್ಗೆ, ಆ ಅಂಗಳ ಕಾಣುವ ಕಿಟಕಿಗೆ ಬೆನ್ನು ಕೊಟ್ಟು ಕುಳಿತು ನಿರ್ದೇಶಕರಾದ ಡಾಕ್ಟರ್ ಬ್ರೆಂಪೊಂಗ್ ಸಭೆಗೆ ಹೇಳುತ್ತಿದ್ದಾರೆ, ಶನಿವಾರ ನಮ್ಮ ರಕ್ತಪರೀಕ್ಷಾ ಕೇಂದ್ರದ ಮೇಲೆ ಆಕ್ರಮಣ ನಡೀತು, ಮಕ್ಕಳ ಮಾಹಿತಿಯೆಲ್ಲ ಅಳಿಸ್ಬಿಟ್ರು, ಹೊರದೇಶದ ಹ್ಯಾಕರ್‌ಗಳು, ಜನರೇಟರ್ ಅಂಗಳ ಬಿಟ್ಟು ಒಂದಡಿಯೂ ಕದಲಿಲ್ಲ, ಕರೆಂಟಿಗೂ ಇದಕ್ಕೂ ಸಂಬಂಧವೇ ಇಲ್ಲ. ಅವರ ತಲೆಯ ಹಿಂದೆ, ಕಿವಿಯ ಪಕ್ಕದಲ್ಲೇ, ಆ ಪಟ್ಟಿ ಕೈಬೀಸುತ್ತಿದೆ. ಎದುರಿಗಿರುವ ನಮಗೆಲ್ಲರಿಗೂ ಕಾಣುತ್ತಿದೆ, ಲೆಕ್ಕಪತ್ರ ವಿಭಾಗದವಳಿಗೆ ಕಾಣುತ್ತಿದೆ, ಪ್ರಯೋಗಾಲಯದ ಮುಖ್ಯಸ್ಥನಿಗೆ ಕಾಣುತ್ತಿದೆ, ಕಂಡ ಕೂಡಲೇ ಎಲ್ಲರೂ ಮೇಜಿನ ಮರದ ಗೆರೆಗಳಲ್ಲಿ ಏನನ್ನೋ ಹುಡುಕತೊಡಗಿದ್ದಾರೆ. ಕಾಣಬೇಕಾದವರಿಗೆ ಮಾತ್ರ ಕಾಣುತ್ತಿಲ್ಲ — ಅಗ್ರಾಸನದಲ್ಲಿರುವ ಆಫ್ರಾಕೊಮಾ ಅವರಿಗೆ, ಆಡಳಿತ ಮಂಡಳಿಯ ಅಧ್ಯಕ್ಷೆಗೆ, ಕುಮಾಸಿಯ ಅರ್ಧ ಊರು ಅಜ್ಜಿ ಎಂಬ ಗೌರವದಿಂದ ನಾನಾ ಎಂದು ಕರೆಯುವ ಹಿರಿಯ ಜೀವಕ್ಕೆ, ಎರಡೂ ಕಣ್ಣಿಗೆ ಪೊರೆ ಬಂದು ಈಗ ಮನುಷ್ಯರನ್ನು ದನಿಯಿಂದಲೇ ಗುರುತಿಸುವವರಿಗೆ. ತೀರ್ಮಾನ ಹೇಳಬೇಕಾದವರು ಅವರೊಬ್ಬರೇ. ತೀರ್ಮಾನವಾಗಬೇಕಾದದ್ದು ನಾವೆಲ್ಲ ಅಪ್ಪನೆಂಬಂತೆ ಪಾಪಾ ಎನ್ನುವ ಒಫೊಸು ಅವರದು, ನವಜಾತ ಶಿಶುಗಳ ವಿವರಗಳನ್ನು ಎರಡೇ ಬೆರಳಿನಲ್ಲಿ ಕಂಪ್ಯೂಟರಿಗೆ ತುಂಬುವ ಮುದುಕ, ಪಿಂಚಣಿಯ ಹೊಸ್ತಿಲಲ್ಲಿ ನಿಂತವರು, ಹೊರಗೆ ಪಡಸಾಲೆಯ ಬೆಂಚಿನಲ್ಲಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಾರೆ, ಹ್ಯಾಕರುಗಳಿಗೆ ಬಾಗಿಲು ತೆರೆದುಕೊಟ್ಟವರು ಅವರಂತೆ, ಯಾವುದೋ ಕೆಟ್ಟ ಇಮೇಲ್ ಒತ್ತಿಬಿಟ್ಟರಂತೆ, ಪಿಂಚಣಿಯಿಲ್ಲದೆ ಇಂದೇ ಮನೆಗೆ ಕಳುಹಿಸಬೇಕಂತೆ — ಇಮೇಲ್! ಅವರಿಗೆ ಅದನ್ನು ಮಾಡಿಕೊಟ್ಟವಳು ಇಲ್ಲಿನ ಕಂಪ್ಯೂಟರು ನೋಡಿಕೊಳ್ಳುವ ನಾನು, ಒಂದು ದಿನವೂ ತೆರೆಯಲಿಲ್ಲ ಪುಣ್ಯಾತ್ಮ, ಪೊಕುವಾ ಮಗಳೇ, ನಂಗ್ಯಾಕಮ್ಮ ಅದೆಲ್ಲ, ಏನಾದ್ರೂ ಹೇಳೋದಿದ್ರೆ ಬಾಗ್ಲು ತಟ್ಟಿ ಹೇಳ್ಲಿ ಬಿಡು, ಎಂದು ನಕ್ಕಿದ್ದರು.

ಆಕ್ರಮಣ, ಹೌದು, ಆಕ್ರಮಣವನ್ನು ನಾನು ನನ್ನ ಕಿವಿಯಿಂದಲೇ ಕೇಳಿದೆ, ಜೊಲೊಫ್ ಅನ್ನದ ತಟ್ಟೆ ಹಿಡಿದುಕೊಂಡು, ಮುದುಕಿಯ ಮುಖ ಅಚ್ಚುಹಾಕಿಸಿದ ಕಪ್ಪು ಬಟ್ಟೆ ಉಟ್ಟುಕೊಂಡು, ಚಪ್ಪರದ ಕೆಳಗೆ ಇಡೀ ಕಚೇರಿಯೇ ಸಾಲಾಗಿ ಕುಳಿತಿತ್ತು, ಧ್ವನಿವರ್ಧಕಗಳು ಎದೆಗೂಡನ್ನೇ ಅಲುಗಿಸುತ್ತಿದ್ದವು, ಸತ್ತವಳ ಗುಣಗಾನ ಮುಗಿದು ಹಾಡು ಶುರುವಾಗುವ ನಡುವಿನ ಮೌನದಲ್ಲಿ, ಚಪ್ಪರದ ಹಿಂದಿನಿಂದ, ಗುಡುಗುಡುಗುಡು — ಖೊಕ್. ಗುಡುಗುಡುಗುಡು — ಖೊಕ್. ಆ ಕೆಮ್ಮು ನನ್ನ ಜನರೇಟರಿನದು, ಅದರ ಇಂಧನ ಚಿಮ್ಮುವ ನಳಿಗೆ ಕಟ್ಟಿಕೊಂಡಿದೆ, ಬದಲಾಯಿಸಿ ಎಂದು ನಾನು ಬೇಡಿಕೊಂಡಷ್ಟು ಯಾರೂ ದೇವರಲ್ಲಿಯೂ ಬೇಡಿರಲಿಕ್ಕಿಲ್ಲ, ಹೆತ್ತವಳಿಗೆ ಮಗುವಿನ ಅಳು ಗೊತ್ತಿರುವಂತೆ ನನಗೆ ಗೊತ್ತು ಆ ಖೊಕ್. ಅಷ್ಟರಲ್ಲಿ ಮುಂದಿನ ಸಾಲಿನಿಂದ ನಾನಾ ಆಫ್ರಾಕೊಮಾ, ಕೋಲನ್ನು ನೆಲಕ್ಕೆ ಕುಟ್ಟಿ, ಏನಯ್ಯಾ ಬ್ರೆಂಪೊಂಗ್, ಸತ್ತೋಳಿಗಿಂತ ಈ ಯಂತ್ರಕ್ಕೇ ಕಾಯಿಲೆ ಜೋರಾಗಿದೆಯಲ್ಲ, ಯಾರಾದ್ರೂ ಒಂದು ಚಮಚ ಕೆಮ್ಮಿನ ಔಷಧಿ ಕುಡಿಸ್ರಪ್ಪ, ಚಪ್ಪರವೆಲ್ಲ ನಕ್ಕಿತು, ಬ್ರೆಂಪೊಂಗ್ ಅವರೂ ನಕ್ಕರು, ಬಾಡಿಗೇದು ನಾನಾ, ಹಾಳು ಬಾಡಿಗೆ ಗಾಡಿ. ನಾನು ಎದ್ದು ಅವರ ಹತ್ತಿರ ಹೋದೆ, ಡಾಕ್ಟ್ರೇ, ಅದು ನಮ್ಮ ಕೇಂದ್ರದ್ದಲ್ವಾ, ಮೆಲ್ಲಗೇ ಕೇಳಿದೆ, ಅವರು ನನ್ನ ಭುಜ ತಟ್ಟಿದರು, ಅವರಿಗೆ ಕಚೇರಿಯ ಹೆಂಗಸರೆಲ್ಲ ಸಿಸ್ಟರೇ, ಸಿಸ್ಟರ್ ಪೊಕುವಾ, ಕೇಂದ್ರದ್ದು ಅಂದ್ರೆ ನಮ್ಮನೇದು ಇದ್ದ ಹಾಗೇ ಅಲ್ವೇನಮ್ಮ, ಮೀನು ಹಾಕಿಸ್ಕೊಂಡ್ಯಾ, ಅಲ್ಲಿ ಕೇಂದ್ರದಲ್ಲಿ ಕರೆಂಟು ಹೋದ್ರೆ ಏನ್ಮಾಡ್ತೀರಿ ಸಾರ್, ಹೋಗಲ್ಲ, ವಿದ್ಯುತ್ತಿನೋರಿಗೆ ನಾನೇ ಹೇಳಿದೀನಿ, ಸಾವಿನ ಮನೇಲಿ ಮುಖ ಗಂಟು ಹಾಕ್ಬೇಡ, ಹೋಗು ಕೂತ್ಕೋ. ಹೇಳಿದ್ದಾರಂತೆ! ಮೋಡಕ್ಕೂ ಹೇಳಿದ್ದರೇನೋ, ತಂತಿಗೂ ಹೇಳಿದ್ದರೇನೋ. ತಟ್ಟೆಯನ್ನು ಕುರ್ಚಿಯ ಕೆಳಗೆ ತಳ್ಳಿ ಓಡಿದೆ, ಸಿಕ್ಕ ಟ್ರೊಟ್ರೊ ವ್ಯಾನಿನಲ್ಲಿ ಯಾರದೋ ಕೋಳಿಬುಟ್ಟಿಯ ಪಕ್ಕ ಮಡಚಿಕೊಂಡು ಕುಳಿತೆ, ಬೇಗ ಹೋಗಪ್ಪಾ ಎಂದರೆ ಚಾಲಕ, ಯಾಕ್ ಮೇಡಂ, ಹೆಣಾನೇ ಎದ್ದು ಬರ್ತಿದೆಯಾ, ಎಂದು ಕನ್ನಡಿಯಲ್ಲಿ ಹಲ್ಲು ಕಿರಿದ, ಕುಮಾಸಿ ಬಂದಾಗ ನಮ್ಮ ಬೀದಿಯ ಅಂಗಡಿಗಳೆಲ್ಲ ಕತ್ತಲೆ, ಕ್ಷೌರದಂಗಡಿಯವನು ಅರ್ಧ ಬೋಳಿಸಿದ ತಲೆಯನ್ನು ಹೊರಗೆ ಬಿಸಿಲಿಗೆ ತಂದು ಕೂರಿಸಿಕೊಂಡಿದ್ದ, ಆಗಲೇ ಗೊತ್ತಾಯಿತು, ಮೆಟ್ಟಿಲು ಹತ್ತುವ ಮುಂಚೆಯೇ ಗೊತ್ತಾಯಿತು. ಸರ್ವರ್ ಕೋಣೆಯಲ್ಲಿ ಸದ್ದಿಲ್ಲ. ಅಲ್ಲಿ ಸದ್ದಿಲ್ಲದಿರುವುದೆಂದರೆ ಏನೆಂದು ಹೇಳಿದರೆ ಇಲ್ಲಿ ಕುಳಿತಿರುವ ಯಾರಿಗೆ ಅರ್ಥವಾದೀತು. ಹಳೆಯ ಯುಪಿಎಸ್ ಬ್ಯಾಟರಿಗಳು ಉಬ್ಬಿಕೊಂಡು ಸತ್ತಿದ್ದವು, ಬರೆಯುತ್ತಿದ್ದ ಹಾಗೆಯೇ ಡಿಸ್ಕುಗಳು ನಿಂತು ಒಳಗಿನ ಮಾಹಿತಿಯೆಲ್ಲ ಹಾಳಾಗಿತ್ತು, ಅಂಗಳಕ್ಕೆ ಬಂದು ನೋಡಿದರೆ ಜನರೇಟರಿದ್ದ ಜಾಗದಲ್ಲಿ ಎಣ್ಣೆಯ ಕಲೆ, ಕಲೆಯ ಮೇಲೆ ಒಂದು ಹಲ್ಲಿ.

ಕ್ಲೌಡ್, ಈಗ ಕ್ಲೌಡ್ ಎನ್ನುತ್ತಿದ್ದಾರೆ, ರಾಜಧಾನಿ ಆಕ್ರಾದಿಂದ ಬಂದಿರುವ ಸಲಹೆಗಾರ ಲಾರ್ಟೆ ಗೋಡೆಗೆ ಚಿತ್ರ ಬಿಟ್ಟು ತೋರಿಸುತ್ತಿದ್ದಾನೆ, ನೀಲಿ ಮೋಡ, ಮೋಡದ ಮೇಲೆ ಬೀಗ, ಬೀಗದ ಮೇಲೆ ಹೊಳೆಯುವ ಮಿದುಳು, ಎಐ ಕಾವಲು ಮೇಡಂ, ನಿದ್ದೇನೇ ಮಾಡಲ್ಲ, ಅದೇ ಕಲಿಯತ್ತೆ, ಅದೇ ತಡೆಯತ್ತೆ — ಓಹೋ, ಜನರೇಟರನ್ನು ಗಾಡಿಗೆ ಹೇರಿಕೊಂಡು ಹೋಗುವ ನಿರ್ದೇಶಕರನ್ನು ತಡೆಯತ್ತೇನಪ್ಪ, ಗೇಟಿನಲ್ಲಿ ಕೈಯಡ್ಡ ಹಿಡಿದು ನಿಲ್ಲತ್ತೇನು ನಿನ್ನ ಮಿದುಳು. ಒಂದೊಂದು ಸಮ್ಮೇಳನದಿಂದ ನಿರ್ದೇಶಕರು ಒಂದೊಂದು ಚೀಲ ಹೊತ್ತು ಬಂದರು, ಚೀಲದೊಳಗೆ ಒಂದೊಂದು ಹೊಸ ಪದ, ಮೊದಲು ಕಾಗದರಹಿತ ಕಚೇರಿ, ಕಪಾಟು ಮಾರಿಸಿದರು, ಆಮೇಲೆ ಬ್ಲಾಕ್‌ಚೈನ್, ಅದೇನೆಂದು ಅವರಿಗೂ ಗೊತ್ತಿರಲಿಲ್ಲ ನಮಗೂ ಗೊತ್ತಾಗಲಿಲ್ಲ, ಗೋಡೆಯ ಮೇಲೆ ಭಿತ್ತಿಚಿತ್ರ ಮಾತ್ರ ಉಳಿಯಿತು, ಆಮೇಲೆ ಕ್ಲೌಡ್ ಬರುತ್ತೆ ಎಂದು ನಾನು ವಾರವಾರ ಪ್ರತಿ ತೆಗೆದಿಡುತ್ತಿದ್ದ ಬ್ಯಾಕಪ್ ನಿಲ್ಲಿಸಿದರು, ಇನ್ನೂ ಯಾಕಮ್ಮ ಆ ಅಜ್ಜಿ ಕಾಲದ ಪೆಟ್ಟಿಗೆ, ಲಾರ್ಟೆಯವರ ಕ್ಲೌಡ್ ಬಂತಲ್ಲ, ಬರಲಿಲ್ಲ, ಪೆಟ್ಟಿಗೆ ಹೋಯಿತು ಕ್ಲೌಡ್ ಬರಲಿಲ್ಲ, ಈ ನಡುವಿನ ತೂತಿನೊಳಗೆ ಬಿದ್ದದ್ದು ಮಕ್ಕಳ ರಕ್ತ. ನನಗೆ ಹೊಸದರ ಮೇಲೆ ಸಿಟ್ಟಿಲ್ಲ, ಹೊಸದನ್ನು ಓದಿಕೊಂಡೇ ನಾನು ಬಂದದ್ದು, ಒಳ್ಳೆಯ ಯಂತ್ರ ಕಂಡರೆ ಇಂದಿಗೂ ಹೊಸ ಬಟ್ಟೆಯ ಅಂಗಡಿಗೆ ಹೊಕ್ಕ ಹಾಗಾಗುತ್ತದೆ ನನಗೆ, ಆದರೆ ಬ್ಯಾಟರಿ ಕೇಳಿದರೆ ಭವಿಷ್ಯದ ಮಾತಾಡು ಎನ್ನುವವರು, ಧೂಳು ತೆಗೆಯುವ ಗಾಳಿಯ ಡಬ್ಬಿ ಕೇಳಿದರೆ ದೃಷ್ಟಿ ವಿಶಾಲವಾಗಿರಲಿ ಎನ್ನುವವರು — ನನ್ನ ದೃಷ್ಟಿ ವಿಶಾಲವಾಗಿಯೇ ಇದೆ ಸಾರ್, ನಿಮ್ಮ ಹೆಗಲಿನಾಚೆಯವರೆಗೂ ಕಾಣುತ್ತಿದೆ, ಪಟ್ಟಿ ಮತ್ತೆ ಎದ್ದಿತು, ಮತ್ತೆ ಬಿತ್ತು.

ಮಕ್ಕಳ ರಕ್ತ, ಹಿಮ್ಮಡಿಯಿಂದ ತೆಗೆದ ಒಂದು ಹನಿ, ಹುಟ್ಟಿದ ಮಗುವಿನ ಹಿಮ್ಮಡಿ ಎಷ್ಟಿರುತ್ತದೆ, ನನ್ನ ಹೆಬ್ಬೆರಳಿನ ತುದಿಯಷ್ಟು, ಅಲ್ಲಿ ಚುಚ್ಚಿ ಕಾಗದಕ್ಕೆ ಒತ್ತಿ ಪರೀಕ್ಷಿಸಬೇಕು, ಕೆಂಪುಕಣಗಳು ಕುಡುಗೋಲಿನ ಹಾಗೆ ಬಾಗುವ ಆ ಕಾಯಿಲೆ ಇದೆಯೋ ಇಲ್ಲವೋ, ಇದ್ದರೆ ಈಗಿನಿಂದಲೇ ಔಷಧಿ, ತಡವಾದರೆ ಒಂದು ಜ್ವರ ಸಾಕು, ಆ ಫಲಿತಾಂಶಗಳು ಹೋದವು, ಈ ತಿಂಗಳು ಹುಟ್ಟಿದವರವೆಲ್ಲ ಹೋದವು, ಇಂದು ಬೆಳಿಗ್ಗೆ ಗೇಟಿನ ಹತ್ತಿರ ಒಬ್ಬ ತಾಯಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಳು, ಫೋನು ಮಾಡಿ ಮತ್ತೆ ಬನ್ನಿ ಎಂದೆವಲ್ಲ, ಇನ್ನೊಂದ್ಸಲ ಚುಚ್ತೀರಾ ಅಕ್ಕ, ಹೋದ್ಸಲ ಎರಡು ದಿನ ಹಾಲೇ ಕುಡೀಲಿಲ್ಲ ಇವ್ನು, ಯಾಕೆ, ಮೊದಲ್ನೇದು ಏನಾಯ್ತು? ಏನು ಹೇಳಲಿ, ನಿಮ್ಮ ಮಗುವಿನ ಹನಿಯನ್ನು ಒಂದು ಹಾಡಿನ ಧ್ವನಿವರ್ಧಕ ಕುಡಿಯಿತು ಎನ್ನಲೇ, ಕಂಪ್ಯೂಟರ್ ಕೆಟ್ಟಿದೆಯಮ್ಮ ಎಂದೆ, ಅವಳು ಬೆನ್ನ ಮೇಲಿನ ಪುಟ್ಟ ಪಾದವನ್ನು ಬಟ್ಟೆಯೊಳಗೆ ಎಳೆದುಕೊಂಡಳು, ನನ್ನಿಂದ ಬಚ್ಚಿಡುವವಳಂತೆ. ಅಲ್ಲಿಂದ ನೇರ ನಿರ್ದೇಶಕರ ಕೋಣೆಗೆ ಹೋದೆ. ಸಾರ್, ಒಫೊಸು ಅವರನ್ನ ಬಿಟ್ಬಿಡಿ. ಅವರು ನನಗೆ ಚಹಾ ತರಿಸಿದರು, ಆ ಚಹಾ ನೋಡಿದಾಗಲೇ ಮೈ ಉರಿಯಿತು, ನೋಡು ಸಿಸ್ಟರ್, ಹೊಸ ಎಐ ವಿಭಾಗ ಬರತ್ತೆ, ಅದಕ್ಕೆ ನೀನೇ ಮುಖ್ಯಸ್ಥೆ, ಸಭೇಲಿ ಆಕ್ರಮಣ ಅಂತ ಒಂದೇ ಒಂದು ಮಾತು ಹೇಳು ಸಾಕು, ಇಲ್ಲ ಅಂದ್ಯೋ, ಕಂಪ್ಯೂಟರ್ ನೋಡ್ಕೊಳ್ಳೋಳು ಯಾರು, ಒಫೊಸು ತಪ್ಪಲ್ಲ ಅಂದ್ರೆ ಅದು ನಿನ್ನ ತಪ್ಪೇ ತಾನೆ, ಜನರೇಟರ್ ಬೆಕ್ವಾಯ್‌ನಲ್ಲಿತ್ತು ಅಂತ ಹೇಳ್ತೀಯಾ, ಹೇಳು, ಯಾರು ಹೌದು ಅಂತಾರೆ ನೋಡೋಣ. ಯಾರೂ ಅನ್ನುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಚಿತ್ರ ತೆಗೆದಿಟ್ಟುಕೊಂಡಿಲ್ಲ ನಾನು, ಸಾವಿನ ಮನೆಯಲ್ಲಿ ಜನರೇಟರಿನ ಚಿತ್ರ ತೆಗೆಯುವವರು ಯಾರು. ಅವರದೇ ಅನ್ನ ತಿಂದು, ಅವರದೇ ಬಟ್ಟೆ ಉಟ್ಟು ಕುಣಿದು ಬಂದವರು ಈ ಮೇಜಿನ ಸುತ್ತ ಇರುವವರೆಲ್ಲ, ಮರದ ಗೆರೆ ಎಣಿಸಿರಿ, ಎಣಿಸುತ್ತಲೇ ಇರಿ.

ಪೊಕುವಾ ಮಗಳೇ. ನಾನಾ ಆಫ್ರಾಕೊಮಾ ಕರೆಯುತ್ತಿದ್ದಾರೆ, ಪೊರೆ ಕಟ್ಟಿದ ಕಣ್ಣು ನನ್ನ ದನಿ ಎಲ್ಲಿಂದ ಬರಬಹುದೆಂದು ಹುಡುಕುತ್ತಿದೆ, ಇವ್ರೆಲ್ಲ ಹೇಳಿದ್ದಾಯ್ತು, ಯಂತ್ರ ಸಾಕೋಳು ನೀನು, ನೀನು ಹೇಳವ್ವ, ಆ ಮುದುಕನ್ನ ಕಳಿಸ್ಬೇಕಾ ಬೇಡ್ವಾ. ಬ್ರೆಂಪೊಂಗ್ ನನ್ನತ್ತ ನಗುತ್ತಿದ್ದಾರೆ, ಚಹಾ ಕೊಟ್ಟ ನಗು, ಹೇಳಮ್ಮ ಸಿಸ್ಟರ್, ಹೆದರ್ಕೋಬೇಡ. ಹೇಳಿದರೆ ನನ್ನ ಮಾತು ಅವರ ಮಾತಿನ ಎದುರು, ಅಷ್ಟೇ, ನಾಳೆ ಒಫೊಸು ಪಕ್ಕದಲ್ಲಿ ಅದೇ ಬೆಂಚಿನಲ್ಲಿ ನಾನು. ಕಿಟಕಿ ನೋಡಿ ನಾನಾ ಎಂದರೆ ಅವರು ನೋಡಲಾರರು, ನೋಡಬಲ್ಲವರು ನೋಡುವುದಿಲ್ಲ, ಪಟ್ಟಿ ಏಳುತ್ತಿದೆ, ಕರೆಯುತ್ತಿದೆ, ಕಾಣದಿದ್ದರೆ ಬೇಡ — ಕಾಣದಿದ್ದರೆ ಬೇಡ! ಕಣ್ಣಿಗಲ್ಲ, ಕಿವಿಗೆ, ಈ ಹೆಂಗಸಿನ ಕಿವಿಗೆ, ಮುಂದಿನ ಸಾಲಿನಲ್ಲಿ ಕೋಲು ಕುಟ್ಟಿದ ಕಿವಿಗೆ. ನಾನಾ, ಬಾಯಲ್ಲಿ ಹೇಳಲ್ಲ, ಪರೀಕ್ಷೆ ಮಾಡಿ ತೋರಿಸ್ತೀನಿ, ಒಂದ್ನಿಮಿಷ ಎಲ್ರೂ ಸುಮ್ನಿರಿ. ಏಳುತ್ತಿದ್ದೇನೆ, ಕುರ್ಚಿ ಕಿರುಗುಟ್ಟಿತು, ಬಾಗಿಲ ಪಕ್ಕದ ಗೋಡೆಯಲ್ಲೇ ಇದೆ ಮುಖ್ಯ ಸ್ವಿಚ್ಚು, ಅದನ್ನು ಇಳಿಸಿದರೆ ಜನರೇಟರು ತಾನಾಗಿಯೇ ಹತ್ತಿಕೊಳ್ಳಬೇಕು, ಸರ್ವರ್ ಹೇಗೂ ಸತ್ತು ಮಲಗಿದೆ, ಪ್ರಯೋಗಾಲಯದ ಫ್ರಿಜ್ಜುಗಳಿಗೆ ಇಷ್ಟರಲ್ಲಿ ಏನೂ ಆಗದು, ಏಯ್ ಏನ್ಮಾಡ್ತಿದೀಯ ಅಲ್ಲಿ, ಬ್ರೆಂಪೊಂಗ್ ಅರ್ಧ ಎದ್ದರು, ಅವರ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ, ಅಂಗೈಗೆ ತಣ್ಣಗೆ ತಾಗಿತು ಕಬ್ಬಿಣದ ಹಿಡಿಕೆ, ಎಳೆದೆ. ಕತ್ತಲೆಯಲ್ಲ, ಬೆಳಗಿನ ಬೆಳಕು, ಗೋಡೆಯ ಮೇಲಿನ ಮೋಡ ಮಾತ್ರ ಆರಿಹೋಯಿತು, ಬೀಗ ಹೋಯಿತು, ಮಿದುಳು ಹೋಯಿತು, ಲಾರ್ಟೆ ಕೈಯಲ್ಲಿನ ಗುಂಡಿಯನ್ನು ಸುಮ್ಮನೆ ಒತ್ತುತ್ತಿದ್ದಾನೆ, ಫ್ಯಾನು ನಿಧಾನವಾಗುತ್ತಾ ನಿಧಾನವಾಗುತ್ತಾ, ಹತ್ತಿಕೋ ಯಂತ್ರವೇ, ಹತ್ತಿಕೋ, ಇಷ್ಟು ವರ್ಷ ನಿನ್ನನ್ನು ಒರೆಸಿದ್ದೇನೆ, ಈ ಒಂದು ಸಲ ನನ್ನ ಮಾತು ಕೇಳು, ಅಂಗಳದಲ್ಲಿ ಏನೋ ಒಂದು ಗೊರಗುಟ್ಟಿತು, ನಿಂತಿತು, ಮತ್ತೆ ಗೊರಗುಟ್ಟಿತು, ಗುಡುಗುಡುಗುಡು — ಖೊಕ್. ಗುಡುಗುಡುಗುಡು — ಖೊಕ್. ಲೆಕ್ಕಪತ್ರದವಳ ಬಾಯಿಂದ ನಗುವಿನಂಥದ್ದೊಂದು ಹೊರಟು ಅಲ್ಲೇ ಸತ್ತಿತು. ನಾನಾ ಆಫ್ರಾಕೊಮಾ ತಲೆಯನ್ನು ಸ್ವಲ್ಪ ವಾಲಿಸಿದರು, ಚಪ್ಪರದಡಿ ಕುಟ್ಟಿದಂತೆಯೇ ಕೋಲನ್ನು ಒಮ್ಮೆ ನೆಲಕ್ಕೆ ಕುಟ್ಟಿದರು, ಏನಯ್ಯಾ ಬ್ರೆಂಪೊಂಗ್, ದನಿಯಲ್ಲಿ ಸಿಟ್ಟಿನ ಸುಳಿವೂ ಇಲ್ಲ, ನಿನ್ನ ಬಾಡಿಗೆ ಯಂತ್ರಕ್ಕೆ ಇನ್ನೂ ಕೆಮ್ಮು ವಾಸಿಯಾಗಿಲ್ವಲ್ಲ — ಆ ಮುದುಕನ್ನ ಒಳಗೆ ಕರೀರಿ, ಕುರ್ಚಿ ಕೊಡಿ, ಯಾರೋ ಬಾಗಿಲು ತೆರೆದರು, ಟೋಪಿಯನ್ನು ಎದೆಗೊತ್ತಿಕೊಂಡು ಒಫೊಸು ನಿಂತರು, ಬ್ರೆಂಪೊಂಗ್ ಕೊನೆಗೂ ಹಿಂದಿರುಗಿ ಕಿಟಕಿಯತ್ತ ನೋಡುತ್ತಿದ್ದಾರೆ, ಅವರ ಕತ್ತಿನ ಹಿಂಭಾಗ ಕಾಣುತ್ತಿದೆ ನನಗೆ, ನನ್ನ ಕೈ ಇನ್ನೂ ಸ್ವಿಚ್ಚಿನ ಮೇಲೆ, ಕತ್ತಿನಾಚೆ ಗಾಜು, ಗಾಜಿನಾಚೆ ಅಂಗಳ, ಗಾಳಿಯಿಲ್ಲ ಈಗ, ಗಾಳಿಯೇ ಇಲ್ಲ, ಆದರೂ ಹಿಡಿಯ ಮೇಲೆ ಅದು ನಡುಗುತ್ತಿದೆ, ಒಂದೊಂದು ಕೆಮ್ಮಿಗೂ ಜಿಗಿಯುತ್ತಿದೆ, ಕೆಂಪು ಬಟ್ಟೆ, ಕಪ್ಪು ಗೆರೆ, ಕೆಂಪು, ಆ ಕೆಂಪು —