ಬಿಳಿಚೋಡಿನ ಹೈಜಾಕು

ಎಪ್ಪತ್ತೊಂದರ ಬೇಸಿಗೆ. ಜಗಳೂರಿಗೆ ಹೋಗುವ ಬಸ್ಸು ಬಿಳಿಚೋಡಿನಲ್ಲಿ ನಿಂತಿತ್ತು. ನಾನು ಹೈಸ್ಕೂಲು ಮೇಷ್ಟ್ರು. ಯಾರು ಕೇಳಲಿ ಬಿಡಲಿ, ಪಾಠ ಮಾಡುವ ಪೈಕಿ. ಪಕ್ಕದಲ್ಲಿದ್ದ ಓಬಣ್ಣ ನನ್ನ ಪೇಪರಿಗೆ ಕತ್ತು ಚಾಚಿ ಕೇಳಿದ, "ವಿಮಾನ ಹೈಜಾಕ್ ಅಂತಾರಲ್ಲ, ಹಂಗಂದ್ರೇನ್ರೀ ಮೇಷ್ಟ್ರೇ?"

"ಮೊದ್ಲು ಅದು ಲಾರಿ ಮಾತು ಕಣಪ್ಪಾ. ಅಮೆರಿಕದಾಗೆ ಸಾರಾಯಿ ಬಂದ್ ಮಾಡಿದ್ದಾಗ, ಕಳ್ಳ ಸಾರಾಯಿ ಲಾರಿಗಳ್ನ ಅಡ್ಡ ಹಾಕಿ ದೋಚೋರು. ಅದಕ್ಕಿಟ್ಟ ಹೆಸರು. ಆಮೇಲೆ ಆ ಮಾತು ವಿಮಾನ ಹತ್ತಿತು. ನಡೆಸೋನ್ನ ಹೆದರಿಸಿ, ತಮಗೆ ಬೇಕಾದ ಕಡೆ ತಿರುಗಿಸೋದು. ಮೊನ್ನೆ ನಮ್ಮ ದೇಶದ ವಿಮಾನ ತಿರುಗಿಸಿದೋರ ಕೈಯಾಗಿದ್ದ ಪಿಸ್ತೂಲು ಆಟಿಕೇದಂತೆ!"

ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತಿದ್ದ ಮೂಕಮ್ಮಜ್ಜಿ ತಿರುಗಿ, "ಆಟಿಕೆಗೂ ಹೆದರಿದ್ರಾ?" ಎಂದಳು. ಹೆಸರಿಗೆ ಮೂಕಮ್ಮ, ಬಾಯಿ ಮಾತ್ರ ಊರಿಗೆಲ್ಲ ಸಾಕು.

ಅವಳ ಮೊಮ್ಮಗಳು ರುದ್ರಾಣಿಗೆ ಅವತ್ತು ಜಗಳೂರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಹಾಲ್ ಟಿಕೆಟ್ ಮರೆತು ಮನೆಗೆ ಓಡಿದ್ದಳು. ಅವಳು ಬರುವ ಮೊದಲೇ ಡ್ರೈವರ್ ರೇವಣ್ಣ ಬಸ್ಸು ಹೊರಡಿಸಿಬಿಟ್ಟ. ಮುಂದಿನ ಬಸ್ಸು ಮಧ್ಯಾಹ್ನಕ್ಕೆ.

"ನಿಲ್ಸಪ್ಪಾ! ಹುಡುಗಿ ಬರಾಕೆ ಬಿಡು!"

"ಟೈಮಾಗೈತೆ ಅಜ್ಜಿ, ಆಗಲ್ಲ."

ಅಜ್ಜಿ ಮಡಿಲಿಗೆ ಕೈ ಹಾಕಿ, ಮುಷ್ಟಿ ಬಿಗಿದು ಅವನ ಮೂಗಿನ ಮುಂದೆ ಹಿಡಿದಳು. "ಹಿಡಿ ಮಣ್ಣೈತೆ. ಮಾರಮ್ಮನ ಹೆಸರು ಹೇಳಿ ತೂರಿಬಿಡ್ತೀನಿ. ಹಿಂದಕ್ಕೆ ಹೋಗ್ತೀಯೋ, ಇಲ್ಲೋ?"

ಹೆಂಗಸು ಮಣ್ಣು ತೂರಿ ಶಾಪ ಹಾಕಿದರೆ ಆ ಮನೆ ಉದ್ಧಾರವಾಗುವುದಿಲ್ಲ ಎಂಬುದನ್ನು ನಮ್ಮ ಕಡೆ ಪೊಲೀಸರೂ ನಂಬುತ್ತಾರೆ. ರೇವಣ್ಣನ ಹೆಂಡತಿ ಬೇರೆ ತುಂಬು ಬಸುರಿ. ಅವನು ಬೆವೆತು ನೀರಾದ. ಕಂಡಕ್ಟರ್ ಸೀಟಿ ಊದುತ್ತಲೇ ಇದ್ದ, ಬಸ್ಸು ಹಿಂದಕ್ಕೇ ಹೊರಟಿತು. ರಸ್ತೆಯಲ್ಲಿದ್ದ ಕುರಿಗಳೆಲ್ಲ ದಿಕ್ಕಾಪಾಲು.

"ಎಲ್ಲಾ ನಿಮ್ಮ ಪಾಠದ ಫಲ ಮೇಷ್ಟ್ರೇ!" ಎಂದು ಓಬಣ್ಣ ತಿವಿದ. ನನಗೆ ಸಿಟ್ಟು ಬಂತು. ಆದರೆ ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಇಷ್ಟು ಬೇಗ ಪಾಠ ಕಲಿತವರನ್ನು ನನ್ನ ಸರ್ವಿಸ್ಸಿನಲ್ಲೇ ಕಂಡಿರಲಿಲ್ಲ.

ರುದ್ರಾಣಿ ಏದುಸಿರು ಬಿಡುತ್ತಾ ಬಸ್ಸು ಹತ್ತಿದಳು. ಅಜ್ಜಿ ಮುಷ್ಟಿ ಬಿಚ್ಚಿ, ಹಿಡಿದದ್ದನ್ನೆಲ್ಲ ಅವಳ ಬೊಗಸೆಗೆ ಸುರಿದಳು. ಹುರಿಗಡಲೆ, ಜೊತೆಗೊಂದು ಚೂರು ಬೆಲ್ಲ.

ರೇವಣ್ಣ ಬಾಯಿ ಬಿಟ್ಟುಕೊಂಡು ನೋಡಿದ. "ಮಣ್ಣೆಲ್ಲಿ ಅಜ್ಜಿ?"

"ಪರೀಕ್ಷೆ ಬರೆಯೋ ಕೂಸಿಗೆ ಮಣ್ಣು ತಿನ್ನಿಸ್ಲೇನೋ? ನಡಿಯಪ್ಪಾ, ಟೈಮಾಗೈತೆ."